‘ಹುಡುಕಿದಷ್ಟೂ ಮುಗಿಯುತ್ತಿಲ್ಲ, ಭಯವಾಗುತ್ತಿದೆ’

ಪ್ರಶ್ನೆ: ನಾನು ಹಂದನಕೆರೆ ಕಡೆಯವಳು. ಬೆಂಗಳೂರಿನ ಕಂಪನಿಯೊಂದಕ್ಕೆ ಊರಿಂದಲೇ ಸಾಫ್ಟ್‌ವೇರ್ ಕೆಲಸ ಮಾಡುತ್ತೇನೆ. ಹಳೇ ಪ್ರಾಜೆಕ್ಟಿನಲ್ಲಿ ‘ಸ್ಟೇಟಸ್’ ಅನ್ನೋ ಫೀಲ್ಡ್ ತೆಗೀಬೇಕು, ಎಲ್ಲೆಲ್ಲಿ ಬಳಸಿದ್ದಾರೆ ನೋಡು ಅಂದರು. ಸರ್ಚ್ ಮಾಡಿದರೆ ಸಾವಿರಾರು ಸಾಲು. ಒಂದು ಬಿಟ್ಟುಹೋದರೂ ಗ್ರಾಹಕರ ಬಿಲ್ ಕೆಡುತ್ತೆ ಅಂತ ನಿದ್ದೆಯಿಲ್ಲ. ‘ಸಣ್ಣ ಕೆಲಸಕ್ಕೆ ಇಷ್ಟು ದಿನವಾ?’ ಅಂತಾರೆ ಲೀಡ್. ದಡ್ಡಿ ಅಂದುಕೊಂಡಾರು ಅಂತ ಯಾರನ್ನೂ ಕೇಳಿಲ್ಲ. ಕೆಲಸ ಬಿಡಲೇ?

ಉತ್ತರ: ಬೇರೆಯವರ ದುಡ್ಡಿನ ಲೆಕ್ಕಕ್ಕೆ ಕೈ ಹಾಕುವಾಗ ಭಯವಾಗಬೇಕಾದ್ದೇ. ಆ ಭಯ ನಿಮ್ಮ ಜವಾಬ್ದಾರಿಯನ್ನು ತೋರಿಸುತ್ತದೆ, ದಡ್ಡತನವನ್ನಲ್ಲ. ನನ್ನನ್ನು ಕಾಡಿದ್ದು ನಿಮ್ಮ ಪತ್ರದ ಇನ್ನೊಂದು ಮಾತು: ‘ಯಾರನ್ನೂ ಕೇಳಿಲ್ಲ.’ ಸಾವಿರ ಸಾಲುಗಳ ಜೊತೆ ಆ ಮೌನವನ್ನೂ ಒಬ್ಬರೇ ಹೊತ್ತುಕೊಂಡಿದ್ದೀರಿ. ನಿದ್ದೆ ಕೆಡಿಸುತ್ತಿರುವುದು ಹೆಚ್ಚಾಗಿ ಅದೇ ಇರಬಹುದು.

ಇದು ಸಣ್ಣ ಕೆಲಸವೂ ಅಲ್ಲ. ನಿಮ್ಮ ತೆಂಗಿನ ಸೀಮೆಯಲ್ಲೇ ನೋಡಿ. ಬೆಂಬಲ ಬೆಲೆಗೆ ಕೊಬ್ಬರಿ ಕೊಡಲು ಹೆಸರು ಬರೆಸುವಾಗ ರೈತರ ನೋಂದಣಿಯ ‘ಫ್ರೂಟ್ಸ್’ ಐಡಿ ಕೇಳುತ್ತಾರೆ. ಕೃಷಿ ಇಲಾಖೆಯ ಸಹಾಯಧನಕ್ಕೂ ಅದೇ ನಂಬರು. ಅದರ ಹಿಂದೆ ಭೂದಾಖಲೆಯ ‘ಭೂಮಿ’ ತಂತ್ರಾಂಶದ ಪಹಣಿ ವಿವರ. ಆ ಒಂದು ನಂಬರು ಎಲ್ಲೆಲ್ಲಿ ಕೂತಿದೆ ಎಂದು ಕೇಳಿದರೆ ಯಾವ ಅಧಿಕಾರಿಯೂ ಬಾಯಿಪಾಠ ಹೇಳಲಾರರು. ಹುಡುಕಿಯೇ ಹೇಳಬೇಕು.

1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಎಷ್ಟೋ ಕಂಪನಿಗಳ ಅನ್ನ ನಡೆದದ್ದೇ ಈ ಹುಡುಕಾಟದಿಂದ. ಹಳೆಯ ಕೋಬಾಲ್ ಪ್ರೋಗ್ರಾಂಗಳಲ್ಲಿ ಇಸವಿಗೆ ಎರಡೇ ಅಂಕಿ ಇಟ್ಟಿದ್ದರು. 2000 ಬರುವ ಮೊದಲು ಅಂಥ ಫೀಲ್ಡುಗಳನ್ನೆಲ್ಲ ಪತ್ತೆಹಚ್ಚಬೇಕಿತ್ತು. ತಾರೀಖಿನ ಫೀಲ್ಡಿಗೆ ‘ಡೇಟ್’ ಎಂದೇ ಹೆಸರಿಟ್ಟಿರಬೇಕಲ್ಲ! ಒಬ್ಬೊಬ್ಬರದು ಒಂದೊಂದು ಹೆಸರು. ಅದಕ್ಕೆ ಹೆಸರಿನ ಬದಲು ಫೀಲ್ಡಿನೊಳಗಿನ ಮೌಲ್ಯವನ್ನೇ ಹಿಂಬಾಲಿಸಿ, ಅದು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ನೋಡಿದರು. ತಂಡ ಕಟ್ಟಿಕೊಂಡು, ತಿಂಗಳುಗಟ್ಟಲೆ. ನಿಮ್ಮ ಲೀಡ್ ಕೆಟ್ಟವರೆಂದು ನಾನು ಹೇಳುವುದಿಲ್ಲ. ಅವರಿಗೆ ಈ ಗೋಜಲು ಇನ್ನೂ ಕಂಡಿಲ್ಲ, ಅಷ್ಟೇ.

ಮೊದಲು ರಾಶಿ ಕಡಿಮೆ ಮಾಡಿಕೊಳ್ಳಿ. ‘ಸ್ಟೇಟಸ್’ ಹತ್ತಾರು ಟೇಬಲ್‌ಗಳಲ್ಲಿರುತ್ತದೆ. ನಿಮ್ಮ ಟೇಬಲ್ಲಿನ ಹೆಸರೂ ಇರುವ ಫೈಲುಗಳನ್ನು ಮೊದಲು ತೆಗೆದುಕೊಳ್ಳಿ, ಪೂರ್ತಿ ಪದವನ್ನಷ್ಟೇ ಹುಡುಕಿ. ಎಡಿಟರಿನಲ್ಲಿ ‘ಫೈಂಡ್ ಆಲ್ ರೆಫರೆನ್ಸಸ್’ ಇದ್ದರೆ ಅದು ಬರೀ ಅಕ್ಷರ ನೋಡದೆ, ನಿಮಗೆ ಬೇಕಾದ ಸ್ಟೇಟಸ್ ಯಾವುದೆಂದು ಬಹುಮಟ್ಟಿಗೆ ಗುರುತಿಸುತ್ತದೆ.

ಆಮೇಲೆ, ಸರ್ಚಿಗೆ ಸಿಗದೆ ಉಳಿಯುವ ಜಾಗಗಳು. ಅದೇ ಫೀಲ್ಡಿಗೆ ಸ್ಕ್ರೀನಿನಲ್ಲಿ ಬೇರೆ ಹೆಸರಿರಬಹುದು. ಡೇಟಾಬೇಸಿನ ಒಳಗಿನ ವ್ಯೂ, ಟ್ರಿಗರ್, ಸ್ಟೋರ್ಡ್ ಪ್ರೊಸೀಜರುಗಳು ಎಷ್ಟೋ ಸಲ ಕೋಡ್ ಫೈಲುಗಳಲ್ಲಿ ಇರುವುದೇ ಇಲ್ಲ. ‘ಸೆಲೆಕ್ಟ್ ಸ್ಟಾರ್’ ಬರೆದಲ್ಲಿ ಫೀಲ್ಡಿನ ಹೆಸರೇ ಬರುವುದಿಲ್ಲ. ತಿಂಗಳ ಕೊನೆಗೆ ಅಕೌಂಟ್ಸಿನವರು ತೆಗೆಯುವ ಎಕ್ಸೆಲ್ ರಿಪೋರ್ಟಿನ ವಿಷಯ ಅವರನ್ನೇ ಕೇಳಬೇಕು. ಇಲ್ಲಿ ಕೇಳುವುದು ಕೆಲಸದ ಭಾಗವೇ.

ಸಿಕ್ಕಿದ್ದನ್ನು ಒಂದು ಶೀಟಿನಲ್ಲಿ ಬರೆಯುತ್ತಾ ಹೋಗಿ: ಬಳಕೆ ಇದೆ, ಇಲ್ಲ, ಅನುಮಾನ. ‘ಅನುಮಾನ’ದ ಪಟ್ಟಿ ಹಿಡಿದು ನಾಳೆಯೇ ಲೀಡ್ ಜೊತೆ ಕೂತು ಹೇಳಿ: “ಇಷ್ಟು ನೋಡಿದ್ದೀನಿ ಸರ್, ಈ ಜಾಗಗಳಲ್ಲಿ ನಿಮ್ಮ ಸಹಾಯ ಬೇಕು.” ಗಂಟಲು ಕಟ್ಟಿದರೆ ಮೆಸೇಜಿನಲ್ಲಿ ಬರೆಯಿರಿ. ಫೀಲ್ಡನ್ನು ಒಂದೇ ಸಲಕ್ಕೆ ಕಿತ್ತುಹಾಕಬೇಡಿ ಎಂದೂ ಕೇಳಿಕೊಳ್ಳಿ. ಅದನ್ನು ಯಾರು ಓದುತ್ತಿದ್ದಾರೆಂದು ಲಾಗಿನಲ್ಲಿ ಒಂದು ಬಿಲ್ಲಿಂಗ್ ಸುತ್ತು ಗಮನಿಸಿ, ಬ್ಯಾಕಪ್ ಇಟ್ಟುಕೊಂಡು ಆಮೇಲೆ ತೆಗೆಯಬಹುದು. ಟೆಸ್ಟಿಂಗ್, ರಿವ್ಯೂ ಇರುವುದು ಇದಕ್ಕೇ. ಎಲ್ಲ ತಪ್ಪನ್ನೂ ನಿಮ್ಮೊಬ್ಬರ ಕಣ್ಣೇ ಹಿಡಿಯಬೇಕೆಂದಿಲ್ಲ.

ಇಷ್ಟಾದರೂ ಎರಡು ವಾರಕ್ಕಿಂತ ಹೆಚ್ಚು ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ 14416ಕ್ಕೆ ಕರೆಮಾಡಿ. 2022ರಲ್ಲಿ ಶುರುವಾದ ಟೆಲಿ ಮಾನಸ್ ಅದು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಬದುಕೇ ಬೇಡ ಅನ್ನಿಸಿದರೆ ಎರಡು ವಾರ ಕಾಯಬೇಡಿ, ಆಗಲೇ ಕರೆಮಾಡಿ, ಮನೆಯವರಿಗೂ ಹೇಳಿ.

ಕೆಲಸ ಬಿಡುವ ತೀರ್ಮಾನವನ್ನು ನಿದ್ದೆಗೆಟ್ಟ ತಲೆಯಲ್ಲಿ ಮಾಡಬೇಡಿ. ಈ ಫೀಲ್ಡಿನ ಕೆಲಸ ಮುಗಿಯಲಿ. ಸಹಾಯ ಕೇಳಿದ ಮೇಲೂ ಹಂಗಿಸುವುದು ನಿಲ್ಲದಿದ್ದರೆ ಮ್ಯಾನೇಜರಿಗೋ ಎಚ್‌ಆರ್‌ಗೋ ಹೇಳಿ ಬೇರೆ ತಂಡ ಕೇಳಿ.