ಹೊಲದ ಇಂಜಿನ್, ಹಡಗಿನ ಇಂಜಿನ್

ಹಮ್ಮಿಗಿ, ಕೊರ್ಲಹಳ್ಳಿಯಂಥ ಹೊಳೆಸಾಲಿನ ಗೆಳೆಯರಿಗೆ ಆಯಿಲ್ ಇಂಜಿನ್ ಹೊಸದಲ್ಲ. ಹ್ಯಾಂಡಲ್ ಹಾಕಿ ತಿರುವಿದರೆ ಡಬ್ ಡಬ್ ಎಂದು ನೀರೆತ್ತುತ್ತದೆ. ಕೆಟ್ಟರೆ ಮುಂಡರಗಿಯಿಂದ ಮಿಸ್ತ್ರಿ ಬರುತ್ತಾನೆ. "ನಿನ್ನ ಹತ್ರ ಸರ್ಟಿಫಿಕೇಟ್ ಐತೇನಪಾ?" ಅಂತ ಅವನನ್ನು ಯಾರೂ ಕೇಳುವುದಿಲ್ಲ. ಆದರೆ ಅದೇ ಜಾತಿಯ ಇಂಜಿನ್ ದೊಡ್ಡ ಹಡಗಿನಲ್ಲಿದ್ದರೆ, ಸರ್ಟಿಫಿಕೇಟ್ ಇಲ್ಲದವನು ಅದರ ಹೊಣೆ ಹೊರುವಂತಿಲ್ಲ. ಯಾಕೆ?

ಎರಡರ ತತ್ವವೂ ಒಂದೇ. ಪಿಸ್ಟನ್ ಸಿಲಿಂಡರಿನೊಳಗಿನ ಗಾಳಿಯನ್ನು ಒತ್ತುತ್ತದೆ, ಒತ್ತಿದ ಗಾಳಿ ಕಾಯುತ್ತದೆ, ಆ ಕಾವಿಗೇ ಎಣ್ಣೆ ಹೊತ್ತಿಕೊಳ್ಳುತ್ತದೆ. ಕಿಡಿ ಬೇಕಿಲ್ಲ. ಜರ್ಮನಿಯ ರುಡಾಲ್ಫ್ ಡೀಸೆಲ್‌ನ ಹೆಸರು ಇದಕ್ಕೆ ಬಂತು. ೧೯೧೨ರಲ್ಲಿ ಡೆನ್ಮಾರ್ಕಿನ 'ಸೆಲಾಂಡಿಯಾ' ಹಡಗು ಡೀಸೆಲ್ ಇಂಜಿನ್ ಹೂಡಿಕೊಂಡು ಸಾಗರಕ್ಕಿಳಿಯಿತು.

ಗಾತ್ರ ಮಾತ್ರ ಬೇರೆ. ೨೦೦೬ರ 'ಎಮ್ಮಾ ಮಾರ್ಸ್ಕ್' ಹಡಗಿನ ಇಂಜಿನ್ನಿಗೆ ೧೪ ಸಿಲಿಂಡರು, ಒಂದೊಂದರ ಅಗಲ ೯೬ ಸೆಂ.ಮೀ., ಒಟ್ಟು ತೂಕ ಸುಮಾರು ೨೩೦೦ ಟನ್. ಇದಕ್ಕೆ ಹ್ಯಾಂಡಲ್ ಹೊಡೆಯುವವರು ಯಾರು! ಒತ್ತಿಟ್ಟ ಗಾಳಿ ಬಿಟ್ಟು ಚಾಲೂ ಮಾಡುತ್ತಾರೆ. ಇಂಥ ಇಂಜಿನ್ನಿಗೆ ಹಾಕುವ ಎಣ್ಣೆ ಡಾಂಬರಿನ ಹಾಗೆ ಮಂದ, ಕಾಯಿಸಿ ಶುದ್ಧಮಾಡಿಯೇ ಬಿಡಬೇಕು. ಹಡಗು ಹಿಂದಕ್ಕೆ ಹೋಗಬೇಕೆಂದರೆ ಗೇರ್ ಇರುವುದಿಲ್ಲ. ಇಂಜಿನ್ ನಿಲ್ಲಿಸಿ ಉಲ್ಟಾ ತಿರುಗಿಸಬೇಕು.

ನಡುಗಡಲಲ್ಲಿ ಇದು ನಿಂತರೆ ಯಾವ ಊರಿಂದ ಮಿಸ್ತ್ರಿಯನ್ನು ಕರೆಸೋಣ? ಗಾಳಿಗೆ ಸಿಕ್ಕ ಹಡಗು ಬಂಡೆಗೆ ಬಡಿದೀತು. ಸೋರಿದ ಎಣ್ಣೆ ಕಾದ ಪೈಪಿನ ಮೇಲೆ ಬಿದ್ದರೆ ಬೆಂಕಿ. ಓಡಿಹೋಗಲು ಅಲ್ಲಿ ಹೊಲವಿಲ್ಲ. ಅದಕ್ಕೇ ೧೯೭೮ರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ತರಬೇತಿ ನಡೆಯುತ್ತದೆ. ಇಂಜಿನ್ ವಿದ್ಯೆಯ ಜೊತೆಗೆ ಬೆಂಕಿ ಆರಿಸುವುದು, ನೀರಿಗೆ ಬಿದ್ದರೆ ಬದುಕುವುದು, ಪ್ರಥಮ ಚಿಕಿತ್ಸೆ ಕಡ್ಡಾಯ.

ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದವರು ನಾಲ್ಕು ವರ್ಷದ ಮರೈನ್ ಇಂಜಿನಿಯರಿಂಗ್ ಸೇರಬಹುದು. ಮಂಗಳೂರಿನ ಕಡೆ ಇಂಥ ಕಾಲೇಜು ಇದೆ. ಮುಗಿದ ಮೇಲೆ ಹಡಗಿನಲ್ಲಿ ಕೆಲಸ ಕಲಿತು, ಸರಕಾರದ ಲಿಖಿತ ಹಾಗೂ ಮೌಖಿಕ ಪರೀಕ್ಷೆ ಪಾಸಾದರೆ 'ಕ್ಲಾಸ್ ೪' ಸರ್ಟಿಫಿಕೇಟ್. ನಮ್ಮ ಸಾಲಿ ಲೆಕ್ಕ ಇಲ್ಲಿ ತಿರುಗಾಮುರುಗಾ: ನಾಲ್ಕನೆಯದು ಕೆಳಗಿನದು, ಒಂದನೆಯದು ಎಲ್ಲಕ್ಕಿಂತ ಮೇಲಿನದು. 'ಕ್ಲಾಸ್ ೧' ಆದವರೇ ಚೀಫ್ ಇಂಜಿನಿಯರ್ ಆಗುವುದು. ಐದು ವರ್ಷಕ್ಕೊಮ್ಮೆ ನವೀಕರಣ ಬೇರೆ.

ಒಂದು ಎಚ್ಚರಿಕೆ. "ಹಡಗಿನ ನೌಕರಿ ಕೊಡಿಸ್ತೀನಿ, ರೊಕ್ಕ ಕೊಡ್ರಿ" ಎನ್ನುವ ಏಜೆಂಟರಿದ್ದಾರೆ. ಮುಂಬಯಿಯಲ್ಲಿರುವ ನೌಕಾಯಾನ ಮಹಾನಿರ್ದೇಶನಾಲಯದ ಮಾನ್ಯತೆ ಇಲ್ಲದ ಕಡೆ ಕಲಿತರೆ ಆ ಕಾಗದಕ್ಕೆ ಬೆಲೆಯಿಲ್ಲ. ಹೊಲ ಒತ್ತೆ ಇಡುವ ಮೊದಲೇ ಆ ಪಟ್ಟಿ ನೋಡಬೇಕು.

ಇದು ಹುಡುಗರದಷ್ಟೇ ಕೆಲಸವಲ್ಲ. ಸೋನಾಲಿ ಬ್ಯಾನರ್ಜಿ ೧೯೯೯ರಲ್ಲಿ ಕಲಕತ್ತೆಯಲ್ಲಿ ಈ ತರಬೇತಿ ಮುಗಿಸಿ ಭಾರತದ ಮೊದಲ ಮಹಿಳಾ ಮರೈನ್ ಇಂಜಿನಿಯರ್ ಆದರು.