ತುಂಬಿದ ಕಾಲು, ಖಾಲಿ ಕಾಲು

ಬಚ್ಚಲಲ್ಲಿ ಜಾರಿ ಬಿದ್ದು ಎಡಗೈ ಮಣಿಕಟ್ಟು ಮುರಿದಾಗ ನನಗೆ 61. ಆರು ವಾರದ ಮೇಲೆ ಪ್ಲಾಸ್ಟರ್ ಬಿಚ್ಚಿದರು. ಮೂಳೆ ಕೂಡಿತು, ಧೈರ್ಯ ಮಾತ್ರ ಕೂಡಲಿಲ್ಲ. ಒದ್ದೆ ನೆಲ ಕಂಡರೆ ಸಾಕು, ಕೈ ತಾನಾಗಿ ಗೋಡೆ ಹುಡುಕುತ್ತಿತ್ತು.

ಮೈಸೂರಿನವಳಿಗೆ ಯೋಗ ಬಿಟ್ಟು ಬೇರೇನು ಹೊಳೆದೀತು? ಜಗನ್ಮೋಹನ ಅರಮನೆಯಲ್ಲಿ ಕೃಷ್ಣಮಾಚಾರ್ಯರು ಯೋಗಶಾಲೆ ನಡೆಸಿದ ಊರಿದು. ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ ಹುಡುಗರಾಗಿದ್ದಾಗ ಆಸನ ಕಲಿತದ್ದೂ ಇಲ್ಲೇ. ಮನೆ ಹತ್ತಿರದ ಒಂದು ತರಗತಿಗೆ ಸೇರಿಕೊಂಡೆ. ಮೂರನೇ ದಿನ ಅಧೋಮುಖ ಶ್ವಾನಾಸನ. ‘ಅಂಗೈ ಪೂರ್ತಿ ಊರಿ ಅಮ್ಮಾ, ಭಾರ ಕೊಡಿ’ ಅಂದರು ಮೇಷ್ಟ್ರು. ಆಗಲ್ಲ ಅನ್ನೋಕೆ ಸಂಕೋಚ; ಕೊಟ್ಟೆ. ಸಂಜೆ ಹೊತ್ತಿಗೆ ಮಣಿಕಟ್ಟು ಊದಿಕೊಂಡಿತ್ತು. ಅವರನ್ನು ಬೈಯಲೂ ಆಗದು, ಕೈ ಮುರಿದಿದ್ದ ಸಂಗತಿಯನ್ನು ನಾನು ಹೇಳೇ ಇರಲಿಲ್ಲ.

ಅಷ್ಟರಲ್ಲಿ ಮಗಳ ಬಾಣಂತನಕ್ಕೆ ಸಿಂಗಪುರಕ್ಕೆ ಹೋಗಬೇಕಾಯಿತು. ಅವರ ಕಟ್ಟಡದ ಕೆಳಗಿನ ತೆರೆದ ಜಾಗದಲ್ಲಿ ಬೆಳಿಗ್ಗೆ ಹಿರಿಯರು ಹತ್ತಾರು ಜನ ಸೇರಿ ತೈ ಚಿ ಮಾಡುತ್ತಿದ್ದರು. ಹೊಸಬರಿಗೆ ಸುಲಭವಾಗಲೆಂದು ಚೀನಾ ಸರ್ಕಾರದವರು 1956ರಲ್ಲಿ ಹೊಂದಿಸಿದ 24 ಚಲನೆಗಳ ಸರಣಿ ಅದು. ಕಾಡುಕುದುರೆಯ ಕೇಸರ ಬಿಡಿಸುವುದು, ಬಿಳಿ ಕೊಕ್ಕರೆ ರೆಕ್ಕೆ ಹರಡುವುದು, ಹೀಗೆ ಹೆಸರುಗಳು. ಒಬ್ಬ ಅಜ್ಜಿಯ ಹಿಂದೆ ಹೋಗಿ ನಿಂತೆ.

ನಾನು ಅವರ ಕೈಗಳನ್ನೇ ನೋಡುತ್ತಿದ್ದೆ. ‘ಆಂಟಿ, ಕಾಲು, ಕಾಲು’ ಅಂತ ತೋರಿಸಿದರು. ಎಡಗಾಲು ಮುಂದೆ ಬಂತು, ಹಿಮ್ಮಡಿ ನೆಲಕ್ಕೆ ತಾಗಿತು, ಆದರೆ ಭಾರವೆಲ್ಲ ಇನ್ನೂ ಬಲಗಾಲಿನ ಮೇಲೇ. ಬೇಕೆಂದರೆ ಮುಂದಿಟ್ಟ ಕಾಲನ್ನು ಹಾಗೇ ಹಿಂದಕ್ಕೆ ತಗೊಳ್ಳಬಹುದು. ತಗೊಂಡು ತೋರಿಸಿದರು ಕೂಡ. ಆಮೇಲೆ ನಿಧಾನವಾಗಿ, ಕೊಡದಿಂದ ಕೊಡಕ್ಕೆ ನೀರು ಬಗ್ಗಿಸಿದ ಹಾಗೆ, ಭಾರ ಮುಂದಕ್ಕೆ ಹೋಯಿತು. ತುಂಬಿದ ಕಾಲು, ಖಾಲಿ ಕಾಲು ಅನ್ನುತ್ತಾರೆ ಅವರು. ಅರವತ್ತು ವರ್ಷ ನಡೆದಾಡಿದ್ದೇನೆ, ಭಾರ ಯಾವ ಕಾಲಿನಲ್ಲಿದೆ ಅಂತ ಒಮ್ಮೆಯೂ ಗಮನಿಸಿರಲಿಲ್ಲ. ನಾನು ಬಿದ್ದದ್ದು ನಿಂತಾಗ ಅಲ್ಲ, ಹೆಜ್ಜೆ ಇಡುವಾಗ.

ಅಲ್ಲೂ ಪೆದ್ದುತನ ಮಾಡಿದೆ. ಪಕ್ಕದವರಷ್ಟೇ ಮಂಡಿ ಬಗ್ಗಿಸಲು ಹೋಗಿ, ಭಾರ ಹೊತ್ತ ಕಾಲನ್ನು ಊರಿಕೊಂಡೇ ಮೈ ತಿರುಗಿಸಿ, ನಾಲ್ಕು ದಿನ ಕುಂಟಿದೆ. ಪಾದ ಯಾವ ಕಡೆಗೋ ಮಂಡಿಯೂ ಆ ಕಡೆಗೇ ಇರಬೇಕು. ಮೃದುವಾದ ವ್ಯಾಯಾಮ ಅಂದಮಾತ್ರಕ್ಕೆ ಪೆಟ್ಟೇ ಆಗುವುದಿಲ್ಲ ಅಂತಲ್ಲ.

ಊರಿಗೆ ಬಂದಾಗ ಅಕ್ಕ ನಕ್ಕಳು: ‘ಹಿತ್ತಲ ಗಿಡ ಮದ್ದಲ್ಲ ಅನ್ನೋದು ನಿನಗೇ ಕಣೇ ಸರಿ.’ ಅವಳ ಮಾತಲ್ಲಿ ನಿಜವಿದೆ. ಮೈ ಬಗ್ಗದವರಿಗಾಗಿಯೇ ಅಯ್ಯಂಗಾರ್ ಅವರು ಕುರ್ಚಿ, ಬೆಲ್ಟು, ಮರದ ಇಟ್ಟಿಗೆ, ಹಗ್ಗಗಳನ್ನೆಲ್ಲ ಬಳಕೆಗೆ ತಂದಿದ್ದರು. ಅಂಥ ತರಗತಿ ಹುಡುಕಿಕೊಂಡು ಹೋಗಿದ್ದರೆ ಬಹುಶಃ ಯೋಗದಲ್ಲೇ ಉಳಿಯುತ್ತಿದ್ದೆ. ಈಗ ಉಳಿದಿರುವುದು ಶವಾಸನ ಒಂದೇ. ಅದಕ್ಕೆ ಸಮನಾದದ್ದು ತೈ ಚಿಯಲ್ಲಿ ನನಗೆ ಸಿಗಲಿಲ್ಲ.

ಬೆಳಿಗ್ಗೆ ತಾರಸಿಯ ಮೇಲೆ, ಬಟ್ಟೆ ಒಣಗಿಸುವ ತಂತಿಯ ಕೆಳಗೆ ಒಬ್ಬಳೇ ಮಾಡುತ್ತೇನೆ. 24ರಲ್ಲಿ 9 ಚಲನೆ ನೆನಪಿವೆ, ಅವನ್ನೇ ಎರಡು ಸುತ್ತು. ಬಚ್ಚಲಿಗೆ ರಬ್ಬರ್ ಮ್ಯಾಟನ್ನೂ ಹಾಕಿಸಿದ್ದೇನೆ.