ಮೊಬೈಲ್ ವಿಕಿರಣ: ಭಯ ಬಿಡಿ, ಅಂತರ ಇಡಿ

ಬೀದಿಯಲ್ಲಿ ಟವರ್ ಬೇಡವೆಂದು ಮನವಿಗೆ ಸಹಿ ಹಾಕಿದವರೇ ರಾತ್ರಿ ಫೋನನ್ನು ದಿಂಬಿನಡಿ ಇಟ್ಟು ಮಲಗುತ್ತಾರೆ. ಮೊಬೈಲ್ ಸೂಸುವುದು ರೇಡಿಯೋ ತರಂಗ. ಎಕ್ಸ್‌ರೇಯಂತೆ ಡಿಎನ್‌ಎ ಮುರಿಯುವ ಶಕ್ತಿ ಅದಕ್ಕಿಲ್ಲ. ಮೈಯ ಅಂಗಾಂಶವನ್ನು ತುಸು ಬಿಸಿ ಮಾಡಬಲ್ಲದು, ಅಷ್ಟೇ. ಅದನ್ನೂ ತಗ್ಗಿಸಬೇಕೆಂದರೆ ಕಾಸು ಖರ್ಚಿಲ್ಲದ ದಾರಿಗಳಿವೆ.

1. *#07# ಒತ್ತಿ ನೋಡಿ. ಬಹುತೇಕ ಫೋನುಗಳಲ್ಲಿ ‘ಎಸ್‌ಎಆರ್’ ಅಂಕಿ ಬರುತ್ತದೆ. ಮೈ ಎಷ್ಟು ವಿಕಿರಣ ಹೀರುತ್ತದೆ ಎಂಬುದರ ಅಳತೆ ಅದು. ಭಾರತದಲ್ಲಿ 2012ರ ಸೆಪ್ಟೆಂಬರ್ 1ರಿಂದ ಇದರ ಮಿತಿ ಕಿಲೋಗೆ 1.6 ವ್ಯಾಟ್. ದ್ರವ ತುಂಬಿದ ತಲೆಯಾಕಾರದ ಅಚ್ಚಿಗೆ ಫೋನ್ ತಾಗಿಸಿ, ಪೂರ್ತಿ ಶಕ್ತಿಯಲ್ಲಿ ಓಡಿಸಿ ತೆಗೆದ ಲೆಕ್ಕವಿದು. ದಿನನಿತ್ಯ ಫೋನ್ ಅಷ್ಟು ದುಡಿಯುವುದು ಅಪರೂಪ. ಆದ್ದರಿಂದ 1.2 ಬಿಟ್ಟು 0.9ರ ಫೋನಿಗೆ ಸಾವಿರಗಟ್ಟಲೆ ಹೆಚ್ಚು ಕೊಡಬೇಡಿ. ಮಿತಿಯೊಳಗಿದ್ದರೆ ಸಾಕು.

2. ಒಂದೇ ಕಡ್ಡಿ ಸಿಗ್ನಲ್ ಇದ್ದಾಗ ಮಾತು ಮೊಟಕುಗೊಳಿಸಿ. ಎಲ್ಲಕ್ಕಿಂತ ಉಪಯೋಗದ ಸೂತ್ರ ಇದೇ. ಟವರ್ ದೂರವಾದಷ್ಟೂ ಫೋನ್ ಜೋರಾಗಿ ಕೂಗಬೇಕು, ಹತ್ತಿರವಿದ್ದರೆ ಪಿಸುಗುಟ್ಟಿದರೂ ನಡೆಯುತ್ತದೆ. ಆಗುಂಬೆ ಘಾಟಿ ಇಳಿಯುವ ಬಸ್ಸು, ನೆಲಮಾಳಿಗೆಯ ಪಾರ್ಕಿಂಗ್, ಲಿಫ್ಟು, ಇವೆಲ್ಲ ಕೂಗುವ ಜಾಗಗಳು. ಬ್ಯಾಟರಿ ಬೇಗ ಇಳಿಯುವುದೂ ಅಲ್ಲೇ. ತಮಾಷೆಯೆಂದರೆ, ಹೋರಾಡಿ ಟವರನ್ನು ದೂರ ಅಟ್ಟಿದವರ ಕಿವಿಯ ಪಕ್ಕದಲ್ಲೇ ಫೋನಿನ ಕೂಗು ಏರುತ್ತದೆ!

3. ತಲೆಯಿಂದ ದೂರವಿಡಿ. ಇಯರ್‌ಫೋನ್ ಹಾಕಿ, ಇಲ್ಲವೇ ಸ್ಪೀಕರಿನಲ್ಲಿ ಮಾತಾಡಿ. ನಾಲ್ಕು ಬೆರಳಿನ ಅಂತರಕ್ಕೂ ತೀವ್ರತೆ ಸಾಕಷ್ಟು ಇಳಿಯುತ್ತದೆ. (ಬಸ್ಸಿನಲ್ಲಿ ಮಾತ್ರ ಸ್ಪೀಕರ್ ಬೇಡ, ಸಹಪ್ರಯಾಣಿಕರ ಆರೋಗ್ಯವೂ ಮುಖ್ಯ.)

4. ‘ಆಂಟಿ ರೇಡಿಯೇಷನ್’ ಸ್ಟಿಕ್ಕರ್ ಕೊಳ್ಳಬೇಡಿ. ಶುದ್ಧ ಟೋಪಿ. ಅದು ನಿಜಕ್ಕೂ ತರಂಗ ತಡೆದರೆ ಫೋನ್ ಇನ್ನಷ್ಟು ಶಕ್ತಿ ಹಾಕುತ್ತದೆ. ಅಮೆರಿಕದ ಗ್ರಾಹಕ ರಕ್ಷಣಾ ಸಂಸ್ಥೆ ಎಫ್‌ಟಿಸಿ ಈ ಎಚ್ಚರಿಕೆ ಕೊಟ್ಟು ವರ್ಷಗಳೇ ಆದವು.

5. ಸಾಫ್ಟ್‌ವೇರ್ ಅಪ್‌ಡೇಟ್ ಮುಂದೂಡಬೇಡಿ. 2023ರಲ್ಲಿ ಫ್ರಾನ್ಸ್ ಸರ್ಕಾರ ಐಫೋನ್ 12ರ ಮಾರಾಟ ನಿಲ್ಲಿಸಿತ್ತು. ಕೈಯಲ್ಲಿ ಹಿಡಿದಾಗ ಅಥವಾ ಪ್ಯಾಂಟಿನ ಜೇಬಿನಲ್ಲಿಟ್ಟಾಗಿನ ಪರೀಕ್ಷೆಯಲ್ಲಿ ಆ ಪರೀಕ್ಷೆಗಿದ್ದ 4 ವ್ಯಾಟ್ ಮಿತಿ ಮೀರಿ ಎಸ್‌ಎಆರ್ 5.74 ಬಂದಿತ್ತು. ಆಪಲ್ ಅದನ್ನು ಸರಿಪಡಿಸಿದ್ದು ಒಂದು ಅಪ್‌ಡೇಟಿನಿಂದ.

6. ಕ್ಯಾನ್ಸರ್ ಫಾರ್ವರ್ಡ್ ಬಂದರೆ ಇಸವಿ ನೋಡಿ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ರೇಡಿಯೋ ತರಂಗವನ್ನು ‘2ಬಿ’ ಗುಂಪಿಗೆ, ಅಂದರೆ ‘ಇರಲೂಬಹುದು’ ಎಂಬ ಪಟ್ಟಿಗೆ ಸೇರಿಸಿದ್ದು ನಿಜ. ಲೋಳೆಸರದ ಇಡೀ ಎಲೆಯ ಸಾರವೂ ಅದೇ ಪಟ್ಟಿಯಲ್ಲಿದೆ! ಅದೇ ಸಂಸ್ಥೆ ಮಾಡಿಸಿದ 2024ರ ದೊಡ್ಡ ಪರಾಮರ್ಶೆಯಲ್ಲಿ ಮೊಬೈಲ್ ಬಳಕೆಗೂ ಮೆದುಳಿನ ಕ್ಯಾನ್ಸರಿಗೂ ನಂಟು ಕಾಣಲಿಲ್ಲ. ಇದನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ.

7. ಟವರಿನ ಬಗ್ಗೆ ಅನುಮಾನವೇ? ದೂರಸಂಪರ್ಕ ಇಲಾಖೆಯ ‘ತರಂಗ ಸಂಚಾರ’ ಜಾಲತಾಣದಲ್ಲಿ ನಿಮ್ಮ ಬಡಾವಣೆಯ ಟವರುಗಳ ವಿವರ ಸಿಗುತ್ತದೆ. ಶುಲ್ಕ ಕಟ್ಟಿದರೆ ಇಲಾಖೆಯವರೇ ಬಂದು ವಿಕಿರಣ ಅಳೆಯುತ್ತಾರೆ. ಜಗಳಕ್ಕೆ ಮೊದಲು ಅಳತೆ ಮಾಡಿಸಿ.

8. ಗಾಡಿ ಓಡಿಸುವಾಗ ಫೋನ್ ಮುಟ್ಟಬೇಡಿ. ಹೆಲ್ಮೆಟ್ಟಿನೊಳಗೆ ಫೋನ್ ಸಿಕ್ಕಿಸಿ, ಕತ್ತು ವಾಲಿಸಿ ಮಾತಾಡುತ್ತ ಹೋಗುವವರು ಬೆಂಗಳೂರಿನ ಯಾವ ರಸ್ತೆಯಲ್ಲಾದರೂ ಸಿಗುತ್ತಾರೆ. ಕೇಂದ್ರ ಸಾರಿಗೆ ಸಚಿವಾಲಯದ ವಾರ್ಷಿಕ ಅಪಘಾತ ವರದಿಯಲ್ಲಿ ‘ಮೊಬೈಲ್ ಬಳಕೆ’ ಎಂಬ ಕಲಮಿನಡಿ ಸತ್ತವರ ಲೆಕ್ಕವೇ ಬೇರೆ ಇದೆ. ವಿಕಿರಣದಿಂದ ಸತ್ತವರಿಗೆ ಅಂಥ ಕಲಮು ಯಾವ ವರದಿಯಲ್ಲೂ ಇಲ್ಲ.